ಟಿವಿಯ ದುಬೈ, ನಮ್ಮವರ ದುಬೈ

ರಾತ್ರಿ ಊಟ ಮುಗಿಸಿ ಮನೆಮಂದಿ ಟಿವಿ ಮುಂದೆ ಕುಳಿತರೆ ಸಾಕು, ದುಬೈ ನಮ್ಮ ಚಾವಡಿಗೇ ಬಂದುಬಿಡುತ್ತದೆ. 2022ರ ಜೂನ್‌ನಲ್ಲಿ ಅಮೆರಿಕದ ಬ್ರಾವೋ ಚಾನೆಲ್ ‘ದಿ ರಿಯಲ್ ಹೌಸ್‌ವೈವ್ಸ್ ಆಫ್ ದುಬೈ’ ಆರಂಭಿಸಿತು. ಅದೇ ಅಕ್ಟೋಬರ್‌ನಲ್ಲಿ ನೆಟ್‌ಫ್ಲಿಕ್ಸ್‌ನ ‘ದುಬೈ ಬ್ಲಿಂಗ್’ ಬಂತು. ಎರಡರಲ್ಲೂ ಕಾಣಿಸುವವರಲ್ಲಿ ಹೆಚ್ಚಿನವರು ಲೆಬನಾನ್, ಇರಾಕ್, ಕೀನ್ಯಾ, ಜಮೈಕಾ, ಭಾರತ ಮುಂತಾದ ಕಡೆಯ ಮೂಲದವರು. ಅಂದರೆ ನಮ್ಮವರ ಹಾಗೆ ಅವರೂ ಹೊರಗಿನಿಂದ ಬಂದವರೇ. ಆದರೆ ಅವರದ್ದು ವಿಲ್ಲಾ, ದುಬಾರಿ ಕಾರು, ಪಾರ್ಟಿ. ಜಗಳವೂ ಪಾರ್ಟಿಯ ವಿಷಯಕ್ಕೇ!

ಇದೆಲ್ಲ ಸುಳ್ಳು ಅಂತ ಹೇಳುವಂತಿಲ್ಲ. ಅಲ್ಲಿ 20 ಲಕ್ಷ ದಿರ್ಹಮ್ ಬೆಲೆಯ ಆಸ್ತಿ ಇದ್ದವರಿಗೆ 10 ವರ್ಷದ ಗೋಲ್ಡನ್ ವೀಸಾ ಸಿಗುತ್ತದೆ. ನಮ್ಮ ಕರಾವಳಿಯಿಂದ ಹೋಗಿ ಉದ್ಯಮ ಕಟ್ಟಿದವರೂ ಇದ್ದಾರೆ. ಆದರೆ ಯುಎಇಯಲ್ಲಿರುವ ಭಾರತೀಯರು 35 ಲಕ್ಷಕ್ಕೂ ಹೆಚ್ಚು. ಅವರಲ್ಲಿ ದೊಡ್ಡ ಪಾಲು ಕಟ್ಟಡ ಕೆಲಸ, ಡ್ರೈವಿಂಗ್, ಅಂಗಡಿ, ಹೋಟೆಲ್‌ಗಳಲ್ಲಿ ದುಡಿಯುವವರು. ದೇರಾದ ಒಂದೇ ಕೋಣೆಯಲ್ಲಿ ಹಲವರು, ಒಬ್ಬೊಬ್ಬನಿಗೆ ಒಂದು ‘ಬೆಡ್ ಸ್ಪೇಸ್’. ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ತಿಂಗಳಿಗೆ 4,000 ದಿರ್ಹಮ್ ಸಂಬಳ, ಇಲ್ಲವೇ 3,000 ದಿರ್ಹಮ್ ಜೊತೆಗೆ ವಸತಿ ಇರಬೇಕು. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12.30ರಿಂದ 3ರವರೆಗೆ ಬಿಸಿಲಲ್ಲಿ ಕೆಲಸ ಮಾಡಿಸಬಾರದು ಎಂಬ ನಿಯಮ ಉಂಟು. ಅಲ್ಲಿನ ಬಿಸಿಲು ಹೇಗಿರಬಹುದು ಎಂದು ಅದರಿಂದಲೇ ತಿಳಿಯಬಹುದು. ಈ ಶೋಗಳ ಕ್ಯಾಮರಾ ಆ ಕಡೆ ತಿರುಗುವುದಿಲ್ಲ.

ಟಿವಿಗೆ ಬೇರೆ ದಾರಿಯೂ ಗೊತ್ತುಂಟು. ಮಲಯಾಳಂನ ಕೈರಳಿ ಚಾನೆಲ್‌ನಲ್ಲಿ ಬರುತ್ತಿದ್ದ ‘ಪ್ರವಾಸಲೋಕಂ’, ಗಲ್ಫ್‌ಗೆ ಹೋಗಿ ಸುದ್ದಿಯೇ ಇಲ್ಲದವರನ್ನು ಹುಡುಕುವ ಕಾರ್ಯಕ್ರಮವಾಗಿತ್ತು. ಮಗನ ದಾರಿ ಕಾಯುವ ಉಮ್ಮಂದಿರ ನೋವಿಗೆ ಅಲ್ಲಿ ಜಾಗ ಇತ್ತು.

ಇನ್ನು ನಮ್ಮ ಕಡೆಯ ತಪ್ಪು. ರಜೆಯಲ್ಲಿ ಬಂದಾಗ ನಾವೂ ಒಂದು ‘ದುಬೈ ಶೋ’ ನಡೆಸುತ್ತೇವೆ. ಅತ್ತರು, ಚಾಕಲೇಟು, ಹೊಸ ಮೊಬೈಲು ಎಲ್ಲ ಪೆಟ್ಟಿಗೆಯಿಂದ ಹೊರಗೆ ಬರುತ್ತದೆ. ಸಾಲದ ಲೆಕ್ಕ ಮಾತ್ರ ಬರುವುದಿಲ್ಲ. ಅದನ್ನು ಕಂಡ ನೆರೆಮನೆಯ ಹುಡುಗ ಡಿಗ್ರಿ ಅರ್ಧಕ್ಕೆ ಬಿಡುತ್ತಾನೆ, ಉಮ್ಮನ ಚಿನ್ನ ಅಡವಿಗೆ ಹೋಗುತ್ತದೆ. ಮದುವೆ ಮಾತುಕತೆಯಲ್ಲೂ ‘ಹುಡುಗ ದುಬೈಯಲ್ಲಿ’ ಅಂದ್ರೆ ಸಾಕು, ಯಾವ ಕೆಲಸ, ಎಂಥ ವೀಸಾ ಅಂತ ಕೇಳುವವರು ಕಡಿಮೆ.

ಹೋಗುವುದು ಬೇಡ ಎಂದು ನಾವು ಹೇಳುವುದಿಲ್ಲ. ನಮ್ಮ ಎಷ್ಟೋ ಮನೆಗಳ ಒಲೆ ಉರಿದದ್ದೇ ಆ ದುಡಿಮೆಯಿಂದ. ತಿಳಿದುಕೊಂಡು ಹೋಗಲಿ, ಅಷ್ಟೇ. ಏಜೆಂಟ್ ನೋಂದಾಯಿತನೇ ಎಂದು ಕೇಂದ್ರ ಸರಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಬಹುದು. ಯುಎಇ ಕಾನೂನಿನ ಪ್ರಕಾರ ನೇಮಕಾತಿಯ ಖರ್ಚು ಕೆಲಸ ಕೊಡುವವನದ್ದೇ.

ಈ ಸಲ ಮಗ ರಜೆಗೆ ಬಂದಾಗ ‘ಏನು ತಂದೆ?’ ಎಂದು ಕೇಳುವ ಮೊದಲು, ‘ಅಲ್ಲಿ ಎಲ್ಲಿ ಮಲಗುತ್ತೀ, ಏನು ತಿನ್ನುತ್ತೀ?’ ಎಂದು ಕೇಳೋಣ. ಟಿವಿ ಆರಿಸಿ, ಅವನು ಹೇಳುವುದನ್ನು ಪೂರ್ತಿ ಕೇಳೋಣ.