ಮೈಸೂರು ದಂಡಿನ ಹುಲ್ಲುಗಾವಲಲ್ಲಿ

ಹಳೆಯ ಮೈಸೂರು ರಾಜ್ಯದ ದಂಡಿನ ಕಥೆ ಹುಡುಕಿ ಹೊರಟವರೆಲ್ಲ ಶ್ರೀರಂಗಪಟ್ಟಣದ ಕೋಟೆ, ಮದ್ದಿನ ಮನೆ ನೋಡಿ ವಾಪಸಾಗುತ್ತಾರೆ. ಆ ದಂಡಿನ ಒಂದು ಇಲಾಖೆ ಮಾತ್ರ ಇಂದಿಗೂ ಹುಲ್ಲು ಮೇಯುತ್ತಾ ಬದುಕಿದೆ. ಅದನ್ನು ನೋಡಬೇಕಾದರೆ ಕಡೂರು, ಬೀರೂರು, ಅಜ್ಜಂಪುರದ ಕಡೆ ಬರಬೇಕು.

ಕಡೂರಿನ ಸುತ್ತ ತೆಂಗಿನ ತೋಟಗಳು. ತೋಟ ಮುಗಿದು ಬಾಸೂರು ಕಾವಲು ಎಂಬ ಹುಲ್ಲುಗಾವಲು ಶುರುವಾದದ್ದು ಯಾರೂ ಹೇಳದೆಯೇ ಗೊತ್ತಾಗುತ್ತದೆ. ಉತ್ತ ಸಾಲಿಲ್ಲ, ಕಟ್ಟಿದ ಮನೆಯಿಲ್ಲ. ಹುಲ್ಲು, ಅಲ್ಲಲ್ಲಿ ಜಾಲಿ, ಮತ್ತೆ ಹುಲ್ಲು. ಕಣ್ಣು ಸ್ವಲ್ಪ ಹೊತ್ತು ಪಳಗಿದ ಮೇಲೆ ದೂರದಲ್ಲಿ ಕೃಷ್ಣಮೃಗಗಳ ಹಿಂಡು ಕಾಣುತ್ತದೆ. ತೋಳಗಳೂ ಇಲ್ಲಿವೆ. 2011ರಲ್ಲಿ ಸರ್ಕಾರ ಈ ಏಳು ಚದರ ಕಿಲೋಮೀಟರಿನಷ್ಟು ಜಾಗವನ್ನು ಸಂರಕ್ಷಣಾ ಮೀಸಲು ಎಂದು ಘೋಷಿಸಿತು. ಪಾಳು ಬಿದ್ದ ನೆಲ ಅಂದುಕೊಂಡರೆ ಮೋಸ ಹೋದ ಹಾಗೆ. ಇದು ಲೆಕ್ಕಾಚಾರ ಹಾಕಿ ಉಳಿಸಿಕೊಂಡಿದ್ದ ನೆಲ. ಬೇಸಿಗೆಗೆ ನೀರು ನೆರಳಿರುವ ಕಾವಲು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ವಿಂಗಡಿಸಿ, ಋತು ನೋಡಿ ದಂಡಿನ ದನ ಹೊಡೆಯುತ್ತಿದ್ದರು.

ಮೊದಲಿಗೆ ಈ ದನ ಸಾಕಣೆ ದಂಡಿನ ವ್ಯವಹಾರವೇ ಆಗಿರಲಿಲ್ಲ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಇದರ ಹೆಸರು ಬೆಣ್ಣೆ ಚಾವಡಿ. ಅರಮನೆಗೆ ಹಾಲು ಬೆಣ್ಣೆ ಒದಗಿಸುವ ದನಗಳ ಖಾತೆ. ಅದೇ ಹಿಂಡನ್ನು ತೋಪಿಗೆ ಹೂಡಿದವನು ಹೈದರ್ ಅಲಿ. ಪಾಳೆಯಗಾರರನ್ನು ಗೆದ್ದಾಗಲೆಲ್ಲ ಅವರ ಒಳ್ಳೆಯ ರಾಸುಗಳೂ ಹಿಂಡಿಗೆ ಸೇರಿದವು. ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ದನ ಸಾಕುವ ಕ್ರಮಕ್ಕೇ ಹುಕುಂ ಹೊರಡಿಸಿದ.

ರಕ್ಷಣಾ ಇಲಾಖೆಗೂ ದನಕ್ಕೂ ಏನು ಸಂಬಂಧ ಎಂದು ಕೇಳುವವರು 1791ರ ಮೇ ತಿಂಗಳನ್ನು ನೆನೆಯಬೇಕು. ಟಿಪ್ಪುವಿನ ಮೇಲೆ ದಂಡೆತ್ತಿದ ಇಂಗ್ಲಿಷರ ಸೇನಾಪತಿ ಲಾರ್ಡ್ ಕಾರ್ನ್‌ವಾಲಿಸ್ ಶ್ರೀರಂಗಪಟ್ಟಣದ ಬಾಗಿಲಿಗೇ ಬಂದಿದ್ದ. ಅರಕೆರೆಯ ಹತ್ತಿರ ನಡೆದ ಕಾಳಗದಲ್ಲಿ ಅವನದೇ ಮೇಲುಗೈ. ಆದರೆ ಮೇವಿಲ್ಲದೆ ಎತ್ತುಗಳು ಸತ್ತು ಬಿದ್ದವು. ಕೋಟೆ ಒಡೆಯಲು ತಂದಿದ್ದ ದೊಡ್ಡ ತೋಪುಗಳನ್ನು ಎಳೆಯಲು ಎತ್ತಿಲ್ಲದೆ, ತಾನೇ ಕೈಯಾರೆ ಹಾಳುಗೆಡವಿ ಬೆಂಗಳೂರಿಗೆ ಹಿಂದಿರುಗಿದ. ಇತ್ತ ಮೈಸೂರಿನ ಎತ್ತುಗಳ ಓಟದ ಬಗ್ಗೆ ಇಂಗ್ಲಿಷರೇ ಬರೆದಿಟ್ಟಿದ್ದಾರೆ: ಚಿದಂಬರದ ನೆರವಿಗೆ ಹೈದರನ ಸೇನೆ ಎರಡೂವರೆ ದಿನದಲ್ಲಿ 100 ಮೈಲಿ ನಡೆಯಿತಂತೆ. ಕೊಂಬು ಉದ್ದ, ಮೈ ಬಿಗಿ, ಸಿಟ್ಟು ವಿಪರೀತ. ಹಾಲು ಕರೆಯುವ ಮನೆಗೆ ಇದು ತಕ್ಕ ದನವಲ್ಲ. ಕುದುರೆಯ ಜೋರು, ಎತ್ತಿನ ತಾಳ್ಮೆ ಎರಡೂ ಬೇಕಾದ ಕೆಲಸಕ್ಕೆ ಮಾತ್ರ ಇದಕ್ಕೆ ಸಾಟಿಯಿಲ್ಲ.

1799ರಲ್ಲಿ ಶ್ರೀರಂಗಪಟ್ಟಣ ಇಂಗ್ಲಿಷರ ವಶವಾಯಿತು. ಹೊಸ ಒಪ್ಪಂದದಂತೆ ಮೈಸೂರು ತನ್ನ ರಕ್ಷಣೆಗಾಗಿ ವರ್ಷಕ್ಕೆ ಏಳು ಲಕ್ಷ ವರಹ ಈಸ್ಟ್ ಇಂಡಿಯಾ ಕಂಪನಿಗೆ ಕಟ್ಟಬೇಕಾಯಿತು; ಅಂದರೆ ರಕ್ಷಣಾ ಇಲಾಖೆಯನ್ನೇ ಗುತ್ತಿಗೆಗೆ ಕೊಟ್ಟಂತೆ. ಮರುವರ್ಷ ಪಕ್ಕದ ಚನ್ನಗಿರಿಯವನೇ ಆದ ದಂಗೆಕೋರ ಧೋಂಡಿಯಾ ವಾಘನನ್ನು ಅಟ್ಟಿಸಿಕೊಂಡು ಹೋದ ಇಂಗ್ಲಿಷ್ ಸೇನಾನಿ ಆರ್ಥರ್ ವೆಲ್ಲೆಸ್ಲಿ ಈ ಎತ್ತುಗಳ ಬೆಲೆ ಕಂಡ. ಮುಂದೆ ಸ್ಪೇನಿನ ಯುದ್ಧದಲ್ಲೂ ಮೈಸೂರಿನ ಎತ್ತುಗಳಿಲ್ಲವಲ್ಲ ಎಂದು ಹಲುಬಿದವನು ಅವನೇ. 1813ರಲ್ಲಿ ಮದ್ರಾಸ್ ಸೇನೆಯ ಕ್ಯಾಪ್ಟನ್ ಹಾರ್ವೆ ಹಿಂಡಿನ ಉಸ್ತುವಾರಿ ಹೊತ್ತು, ಸೊರಗಿದ್ದ ತಳಿಯನ್ನು ಚೇತರಿಸಿಕೊಳ್ಳುವಂತೆ ಮಾಡಿದ. 1860ರಲ್ಲಿ ಮದ್ರಾಸಿನ ಗವರ್ನರ್ ಟ್ರೆವೆಲ್ಯನ್, ಖರ್ಚು ಉಳಿಸಬೇಕೆಂದು ಹಿಂಡನ್ನೇ ಮಾರಿಸಿದ. ಕೆಲವೇ ವರ್ಷಗಳಲ್ಲಿ ಮತ್ತೆ ಹುಡುಕಿ ಕೂಡಿಸಬೇಕಾಯಿತು! ಕಡತದ ಮೇಲಿನ ಉಳಿತಾಯ ಎಂದರೆ ಅಂದೂ ಹೀಗೆಯೇ.

1882ರಲ್ಲಿ ಹಿಂಡು ಮೈಸೂರು ಸರ್ಕಾರಕ್ಕೆ ಮರಳಿತು. ತೋಪಿಗೆ ಎತ್ತು ಬೇಡವಾದ ಮೇಲೆ, 1920ರ ದಶಕದಲ್ಲಿ, ಸೇನಾ ಇಲಾಖೆಯ ಕೈಬಿಟ್ಟು ಕೃಷಿಯ ಕಡೆ ಬಂತು. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರ ತೆರೆದದ್ದು 1929ರಲ್ಲಿ.

ಬೀರೂರಿನಿಂದ ಅಜ್ಜಂಪುರಕ್ಕೆ ಬರುವಷ್ಟರಲ್ಲಿ ಈರುಳ್ಳಿ ಬೆಳೆಯುವ ಎರೆಭೂಮಿ ಸಿಗುತ್ತದೆ. ಕೇಂದ್ರದಲ್ಲಿ ಹಸುಗಳು ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೊಂಬು ಹೊತ್ತು, ಹೊಸಬರು ಕಂಡರೆ ತಲೆಯೆತ್ತಿ ಒಂದೇ ಕಡೆ ನೋಡುತ್ತಾ ನಿಲ್ಲುತ್ತವೆ. ಗೋವಳರು ಕೂಗಿದ ಹೆಸರಿಗೆ ಮಾತ್ರ ಮಣಿಯುತ್ತವೆ. ವರ್ಷಕ್ಕೊಮ್ಮೆ ಹೋರಿಕರುಗಳ ಹರಾಜಿನ ದಿನ ಇಲ್ಲಿ ಜಾತ್ರೆ. ದಾವಣಗೆರೆ, ಹಾವೇರಿ, ಚಿತ್ರದುರ್ಗ, ಶಿವಮೊಗ್ಗದ ರೈತರು ಬಂದು, ಜೋಡಿಗೆ ಲಕ್ಷ ದಾಟಿದರೂ ಬಿಡದೆ ಕೂಗುತ್ತಾರೆ. ಟ್ರ್ಯಾಕ್ಟರ್ ಇರುವವರೂ ಬರುತ್ತಾರೆ ಎಂಬುದನ್ನು ಗಮನಿಸಬೇಕು. ತಳಿ ಉಳಿದಿದ್ದರೆ ಅದು ಸರ್ಕಾರದ ಕೃಪೆಯಿಂದ ಎಷ್ಟೋ, ಈ ಹುಚ್ಚಿನಿಂದಲೂ ಅಷ್ಟೇ.

ತರೀಕೆರೆಗೆ ಹೋದರೆ ದಂಡಿನ ಕಥೆಯ ಇನ್ನೊಂದು ಮಗ್ಗುಲು. 1830ರಲ್ಲಿ ನಗರ ಸೀಮೆಯ ರೈತರು ಎದ್ದ ದಂಗೆಯಲ್ಲಿ ಇಲ್ಲಿನ ಪಾಳೆಯಗಾರ ಸರ್ಜಾ ಹನುಮಪ್ಪ ನಾಯಕ ಅವರ ಜೊತೆ ಸೇರಿದ. ಆ ದಂಗೆಯ ನೆಪದಲ್ಲೇ 1831ರಲ್ಲಿ ಮೈಸೂರಿನ ದೊರೆ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತ ಹೋಯಿತು. ಅಮೃತಾಪುರದ ಗುಡಿಯೂ ಇಲ್ಲೇ ಹತ್ತಿರ. 1196ರಲ್ಲಿ ಅದನ್ನು ಕಟ್ಟಿಸಿದ ಅಮೃತೇಶ್ವರ ದಂಡನಾಯಕ ಹೊಯ್ಸಳ ದೊರೆ ಇಮ್ಮಡಿ ವೀರಬಲ್ಲಾಳನ ಸೇನಾನಿ.

ಒಂದು ಕಾಲಕ್ಕೆ ಅಮೃತಮಹಲ್ ಕಾವಲುಗಳು ನಾಲ್ಕು ಲಕ್ಷ ಎಕರೆ ದಾಟಿದ್ದವು. ಈಗ ಉಳಿದಿರುವುದು ಅದರಲ್ಲಿ ಒಂದು ಚೂರು. ಚಳ್ಳಕೆರೆಯ ವರವು ಕಾವಲಿನಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಎಕರೆ ಇಂದಿನ ರಕ್ಷಣಾ ಸಂಶೋಧನಾ ಸಂಸ್ಥೆಯ ಪಾಲಾಗಿ, ಅಲ್ಲಿ 2017ರಿಂದ ಪೈಲಟ್ ಇಲ್ಲದ ವಿಮಾನಗಳ ಪರೀಕ್ಷೆ ನಡೆದಿದೆ. ಹಳೆಯ ದಂಡು ಹುಲ್ಲು ಉಳಿಸಿಕೊಂಡು ನೆಲ ಬಳಸಿತ್ತು; ಹೊಸದು ಬೇಲಿ ಹಾಕಿ ಬಳಸುತ್ತಿದೆ. ದೇಶಕ್ಕೆ ಎರಡನೆಯದೂ ಬೇಕು, ಒಪ್ಪೋಣ. ಆದರೆ ಆ ಕಾವಲಲ್ಲಿ ತಲೆಮಾರುಗಳಿಂದ ಕುರಿ ಮೇಯಿಸಿದವರನ್ನು ಕೇಳದೆ ಬೇಲಿ ಎದ್ದದ್ದು ತಪ್ಪೇ.

ನೋಡಲು ಬರುವವರು ಮಳೆ ಮುಗಿದ ಮೇಲೆ ಬನ್ನಿ, ಹುಲ್ಲು ಚೆನ್ನಾಗಿರುತ್ತದೆ. ಅಜ್ಜಂಪುರಕ್ಕೆ ರೈಲಿದೆ. ಕೇಂದ್ರದೊಳಗೆ ಅನುಮತಿ ಕೇಳಿಯೇ ಹೋಗಿ, ಬಾಸೂರಿನ ಕಾವಲಿಗೆ ಮಾತ್ರ ಕಾರು ಇಳಿಸಬೇಡಿ.