ಹೊಸ್ತಿಲು ದಾಟಿದ್ದು ಅಕ್ಕನ ಹಿಂದೆ

"ಮುಟ್ಬೇಡ, ಪಾಪು ಎದ್ದುಬಿಡ್ತಾನೆ." "ಎತ್ಕೋಬೇಡ, ಬೀಳಿಸ್ತೀಯ." 8 ತಿಂಗಳು ನಮ್ಮ 5 ವರ್ಷದ ಮಗಳು ಕೇಳಿದ್ದು ಬರೀ ಇದನ್ನೇ. ಕೊನೆಗೆ ತಮ್ಮನ ಹತ್ತಿರ ಹೋಗೋದನ್ನೇ ಬಿಟ್ಟಳು. ನಾವೋ, ಪರವಾಗಿಲ್ವೇ, ಜಾಣೆ ಆಗಿದ್ದಾಳೆ ಅಂದುಕೊಂಡೆವು!

ಆಮೇಲೆ ಪಾಪು ಅಂಬೆಗಾಲಿಡಲು ಶುರು ಮಾಡಿದ. ನಾನು ಗಿಲಕಿ ಆಡಿಸಿ ಕರೆದೆ, ಹೆಂಡತಿ ಮೊಬೈಲ್ ತೋರಿಸಿದಳು. ಅವನು ಇಬ್ಬರನ್ನೂ ದಾಟಿ, ಮೂಲೆಯಲ್ಲಿ ಮಣಿ ಪೋಣಿಸುತ್ತಿದ್ದ ಅಕ್ಕನ ಕಡೆ ಹೊರಟ. ನನ್ನ ಎದೆ ಧಸಕ್ಕೆಂದಿತು. "ಮಣಿ ಎತ್ತಿಡು!" ಅಂತ ಕಿರುಚಿದೆ. ಅವಳು ಆಗಲೇ ಡಬ್ಬಿ ಮುಚ್ಚಿ, ಎರಡೂ ಕೈ ಚಾಚಿ ಕೂತಿದ್ದಳು. ಕಣ್ಣಲ್ಲಿ ನೀರು.

"ನಾನೇನೂ ಮಾಡ್ಲಿಲ್ಲ ಅಪ್ಪಾ, ಅವನೇ ಬಂದ."

ಆ ಮಾತು ರಾತ್ರಿಯಿಡೀ ಕೊರೆಯಿತು.

ಮರುದಿನ ಅವಳಿಗೊಂದು ಕೆಲಸ ಕೊಟ್ಟೆ. ಟಿಶ್ಯೂ ರೋಲ್ ಮುಗಿದ ಮೇಲೆ ಉಳಿಯುತ್ತಲ್ಲ ರಟ್ಟಿನ ಕೊಳವೆ, ಅದರೊಳಗೆ ತೂರುವ ಯಾವ ವಸ್ತುವೂ ಪಾಪು ಕೈಗೆ ಸಿಗಬಾರದು, ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಅವಳು ಸೋಫಾ ಕೆಳಗೆ ನುಗ್ಗಿ ಕಡಲೆಬೀಜ, ಪೆನ್ನಿನ ಮುಚ್ಚಳ, ಬಿಲ್ಲೆಯಂಥ ಪುಟ್ಟ ಬ್ಯಾಟರಿ ಹೆಕ್ಕಿ ತಂದಳು. ಆ ಬ್ಯಾಟರಿ ನುಂಗಿದರೆ 2 ಗಂಟೆಯಲ್ಲೇ ಅನ್ನನಾಳ ಸುಟ್ಟುಹೋಗಬಹುದು. ನಮ್ಮ ಆಫೀಸಿನ ಟೆಸ್ಟರ್‌ಗಳೂ ಇಂಥ ಬಗ್ ಹಿಡಿದಿದ್ದಿಲ್ಲ ಬಿಡಿ.

ಕಳೆದ ವಾರ ಅವಳು ಸ್ಕೂಲಿಗೆ ಹೊರಟಾಗ ಪಾಪು ಹಿಂದೆಯೇ ಹೋಗಿ ಹೊಸ್ತಿಲು ದಾಟಿಬಿಟ್ಟ. "ಹೊಸ್ತಿಲಿಗೆ ಅರಿಶಿನ-ಕುಂಕುಮ ಇಟ್ಟು ಕಡುಬು ಮಾಡ್ರೋ" ಅಂತ ಊರಿಂದ ಅಮ್ಮನ ಫೋನು. ಸಂಜೆ, ಮೊದಲ ಕಡುಬು ಯಾರಿಗೆ ಅಂತ ಕೇಳಿದೆ.

"ಅವನಿಗೆ ಹಲ್ಲೇ ಇಲ್ವಲ್ಲ" ಎಂದು ಮಗಳು ತಟ್ಟೆ ಎಳೆದುಕೊಂಡಳು.