ಎಳ್ಳಿನ ಸತ್ತ್ವವೆಲ್ಲ ಎಣ್ಣೆಯಲ್ಲಿಲ್ಲ

ನಮ್ಮ ‘ಎಣ್ಣೆ’ ಎಂಬ ಮಾತು ಹುಟ್ಟಿದ್ದೇ ಎಳ್ಳಿನಿಂದ. ‘ಎಳ್’ ಮತ್ತು ‘ನೆಯ್’ ಕೂಡಿ ಎಣ್ಣೆಯಾಯಿತೆಂದು ಭಾಷೆ ಬಲ್ಲವರು ಹೇಳುತ್ತಾರೆ. ಸಂಸ್ಕೃತದ ‘ತೈಲ’ವಾದರೂ ‘ತಿಲ’ದಿಂದಲೇ ಬಂದುದು. ಹೀಗಾಗಿ ‘ಎಳ್ಳೆಣ್ಣೆ’ ಎನ್ನುವಾಗ ನಾವು ಎಳ್ಳಿನ ಹೆಸರನ್ನು ಎರಡು ಸಲ ಹೇಳಿದಂತೆಯೇ ಸರಿ! ಕಡಲೆಕಾಯಿ ನಮ್ಮ ದೇಶಕ್ಕೆ ಕಾಲಿಡುವುದಕ್ಕೆ ಎಷ್ಟೋ ಶತಮಾನ ಮೊದಲೇ ಇಲ್ಲಿ ಎಳ್ಳು ಇತ್ತು. ಹರಪ್ಪದ ಉತ್ಖನನದಲ್ಲಿ ಸುಟ್ಟು ಕರಿಕಾದ ಎಳ್ಳಿನ ಕಾಳು ದೊರೆತಿದೆ. ಆದರೆ ಇಷ್ಟು ಹಳೆಯ ಪರಿಚಯದಿಂದ ಒಂದು ತೊಡಕೂ ಆಗಿದೆ. ಎಳ್ಳೆಂದರೆ ಎಣ್ಣೆ ಎಂಬ ಭಾವನೆ ಬಲವಾಗಿ ಬೇರೂರಿ, ಅದರಲ್ಲಿ ಎಣ್ಣೆಯಲ್ಲದ ಭಾಗವೂ ಉಂಟೆಂಬುದನ್ನು ನಾವು ಮರೆತಿದ್ದೇವೆ.

ಆ ಮರೆತ ಭಾಗದಲ್ಲಿ ಮುಖ್ಯವಾದುದು ಸಸಾರಜನಕ. ಈಗ ಎಲ್ಲರೂ ಪ್ರೋಟೀನು ಎಂದು ಕರೆಯುವುದು ಇದನ್ನೇ. ಮಕ್ಕಳ ಮೈ ಬೆಳೆಯುವುದಕ್ಕೂ ದೊಡ್ಡವರ ಮೈಯಲ್ಲಿ ಸವೆದುದನ್ನು ತುಂಬುವುದಕ್ಕೂ ಇದು ಬೇಕು. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 1918ರಲ್ಲಿ ಕೂನೂರಿನಲ್ಲಿ ಆರಂಭವಾಗಿ 1958ರಲ್ಲಿ ಅಲ್ಲಿಗೆ ಬಂದುದು. ಅದು ಹೊರತಂದ ಭಾರತೀಯ ಆಹಾರಗಳ ಪಟ್ಟಿಯನ್ನು ನೋಡಿದರೆ, 100 ಗ್ರಾಂ ಎಳ್ಳಿನಲ್ಲಿ 43 ಗ್ರಾಂ ಕೊಬ್ಬು, 18 ಗ್ರಾಂ ಸಸಾರಜನಕ. ಅದೇ ತೂಕದ ಅಕ್ಕಿಯಲ್ಲಿ ಸುಮಾರು 7 ಗ್ರಾಂ, ರಾಗಿಯಲ್ಲಿಯೂ ಸುಮಾರು 7 ಗ್ರಾಂ, ತೊಗರಿಬೇಳೆಯಲ್ಲಿ 22 ಗ್ರಾಂ. ಬೇಳೆಗೆ ಹೆಚ್ಚೇನೂ ಹಿಂದೆ ಬೀಳದ ಕಾಳಿದು.

ಈ ಕಾಳು ಗಾಣಕ್ಕೆ ಬಿದ್ದಾಗ ಏನಾಗುತ್ತದೆ? ಕೊಬ್ಬು ಎಣ್ಣೆಯಾಗಿ ಡಬ್ಬಿ ಸೇರುತ್ತದೆ. ಶುದ್ಧ ಎಣ್ಣೆಯಲ್ಲಿ ಸಸಾರಜನಕವಿಲ್ಲ. ಅದು ಹಿಂಡಿಯಲ್ಲಿ ಉಳಿಯುತ್ತದೆ. ಹಿಂಡಿಯ ತೂಕದಲ್ಲಿ ನೂರಕ್ಕೆ 35ರಿಂದ 40ರಷ್ಟು ಸಸಾರಜನಕವೇ ಇರುತ್ತದೆ. ಆ ಹಿಂಡಿ ದನಗಳ ಪಾಲು. ಹಾಲಿನ ರೂಪದಲ್ಲಿ ಅದರಲ್ಲಿ ಕೊಂಚ ನಮಗೆ ಹಿಂದಿರುಗುತ್ತದೆ, ನಿಜ. ಆದರೆ ಕೊಂಚ ಮಾತ್ರ. ಉಳಿದುದಕ್ಕೆ ನಾವು ಎಳ್ಳುನೀರು ಬಿಟ್ಟಂತೆಯೇ.

ಹಾಗೆಂದು ಎಳ್ಳೊಂದೇ ದೇಶದ ಹಸಿವೆಯನ್ನು ನೀಗಿಸೀತೆಂದು ಹೇಳಹೊರಟರೆ ಅದು ಉತ್ಪ್ರೇಕ್ಷೆ. ಲೆಕ್ಕ ಹಾಕಿ ನೋಡೋಣ. ಭಾರತದಲ್ಲಿ ಈಚಿನ ವರ್ಷಗಳಲ್ಲಿ ಬೆಳೆಯುವ ಎಳ್ಳು ವರ್ಷಕ್ಕೆ ಹೆಚ್ಚು ಕಡಿಮೆ 8 ಲಕ್ಷ ಟನ್ನು. ಹೊರದೇಶಕ್ಕೆ ಒಂದು ಕಾಳನ್ನೂ ಕಳುಹಿಸದೆ, ಗಾಣಕ್ಕೆ ಒಂದು ಕಾಳನ್ನೂ ಹಾಕದೆ, 140 ಕೋಟಿ ಜನರಿಗೆ ಹಂಚಿದರೂ ತಲೆಗೆ ದಿನಕ್ಕೆ ಒಂದೂವರೆ ಗ್ರಾಮಿನಷ್ಟೇ. ಅದರಲ್ಲಿ ಸಿಗುವ ಸಸಾರಜನಕ ಕಾಲು ಗ್ರಾಮಿಗೆ ತುಸು ಮೇಲೆ. 65 ಕಿಲೊ ತೂಕದ ಗಂಡಸಿಗೆ ದಿನಕ್ಕೆ 54 ಗ್ರಾಂ, 55 ಕಿಲೊ ತೂಕದ ಹೆಂಗಸಿಗೆ 46 ಗ್ರಾಂ ಬೇಕೆಂಬುದು 2020ರಲ್ಲಿ ನಿಗದಿಯಾದ ಪ್ರಮಾಣ. ಇಳುವರಿ ಹೆಚ್ಚಿಸೋಣವೆಂದರೆ ಎಳ್ಳಿನ ಸ್ವಭಾವವೇ ಅಡ್ಡಿ. ಕಾಯಿ ಒಣಗಿದೊಡನೆ ತಾನೇ ಬಾಯಿಬಿಟ್ಟು ಕಾಳನ್ನು ನೆಲಕ್ಕೆ ಚೆಲ್ಲುತ್ತದೆ. ಬಹುಪಾಲು ಮಳೆಯನ್ನೇ ನಂಬಿದ ಬೆಳೆ ಬೇರೆ.

ಮತ್ತೆ ಎಳ್ಳಿನ ಹೆಚ್ಚುಗಾರಿಕೆಯೇನು? ಪ್ರಮಾಣದಲ್ಲಲ್ಲ, ಗುಣದಲ್ಲಿ. ಸಸಾರಜನಕವೆಂಬುದು ಹಲವು ಬಗೆಯ ಮಣಿಗಳನ್ನು ಪೋಣಿಸಿದ ಸರದಂತೆ. ಆ ಮಣಿಗಳಿಗೆ ಅಮೈನೊ ಆಮ್ಲಗಳೆಂದು ಹೆಸರು. ಒಂದು ಬಗೆಯ ಮಣಿ ಕಡಿಮೆ ಬಿದ್ದರೆ ಉಳಿದವು ಎಷ್ಟಿದ್ದರೂ ಸರ ಅಲ್ಲಿಗೇ ನಿಲ್ಲುತ್ತದೆ. ಬೇಳೆಕಾಳುಗಳಲ್ಲಿ ಲೈಸಿನ್ ಧಾರಾಳ, ಮಿಥಿಯೊನಿನ್ ಕಡಿಮೆ. ಎಳ್ಳಿನಲ್ಲಿ ಇದು ತಿರುಗುಮುರುಗು: ಮಿಥಿಯೊನಿನ್ ಧಾರಾಳ, ಲೈಸಿನ್ ಕಡಿಮೆ. ಎರಡೂ ಕೂಡಿದರೆ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಬರಿಯ ಅನ್ನಕ್ಕೆ ಎಳ್ಳು ಕಲಸಿದರೆ ಈ ಲಾಭ ಪೂರ್ತಿ ದೊರೆಯದು, ಏಕೆಂದರೆ ಅಕ್ಕಿಯಲ್ಲಿಯೂ ಲೈಸಿನ್ ಕಡಿಮೆಯೇ. ಎಳ್ಳಿಗೆ ಬೇಳೆಯ ಜೊತೆ ಬೇಕು.

ಈಗ ಸಂಕ್ರಾಂತಿಯ ಎಳ್ಳು-ಬೆಲ್ಲದ ತಟ್ಟೆಯನ್ನು ನೆನೆಯಿರಿ. ಎಳ್ಳು, ಹುರಿಗಡಲೆ, ಕಡಲೆಕಾಯಿ, ಕೊಬ್ಬರಿ, ಬೆಲ್ಲ. ಹುರಿಗಡಲೆಯ ಲೈಸಿನ್, ಎಳ್ಳಿನ ಮಿಥಿಯೊನಿನ್ ಒಂದೇ ಹಿಡಿಯಲ್ಲಿ! ನಮ್ಮ ಹಿರಿಯರು ಅಮೈನೊ ಆಮ್ಲಗಳನ್ನು ಬಲ್ಲವರಾಗಿದ್ದರೆಂದು ನಾನು ಹೇಳಲಾರೆ, ರುಚಿ ಬಲ್ಲವರಾಗಿದ್ದರು. ನಾವು ನೆಲೆಸಿರುವ ಊರುಗಳಲ್ಲಿಯೂ ಇಂಥ ಜೋಡಿಗಳುಂಟು. ಮದರಾಸಿನ ಕಡೆ ಇಡ್ಲಿಗೆ ಕಲಸಿಕೊಳ್ಳುವ ಪುಡಿಯಲ್ಲಿ ಉದ್ದು, ಕಡಲೆಬೇಳೆಗಳೊಡನೆ ಎಳ್ಳು ಹಾಕುತ್ತಾರೆ. ಹೈದರಾಬಾದಿನ ಬಗಾರಾ ಬೈಂಗನ್‌ನಲ್ಲಿ ಎಳ್ಳು, ಕಡಲೆಕಾಯಿ ಎರಡೂ ಅರೆದು ಸೇರುತ್ತವೆ. ಮುಂಬಯಿ, ಪುಣೆಗಳ ತಿಳಗೂಳ್, ದೆಹಲಿಯ ಗಜಕ್ ಎಲ್ಲರಿಗೂ ಗೊತ್ತಿರುವುವೇ.

ಇದೇ ತತ್ತ್ವವನ್ನು ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯ ದೊಡ್ಡ ಪ್ರಮಾಣದಲ್ಲಿ ಪ್ರಯೋಗಿಸಿತು. 1950ರಲ್ಲಿ ಚೆಲುವಾಂಬ ವಿಲಾಸದಲ್ಲಿ ಆರಂಭವಾದ ಈ ಸಂಸ್ಥೆ, ಎಣ್ಣೆ ತೆಗೆದ ಕಡಲೆಕಾಯಿ ಹಿಟ್ಟು ಮೂರು ಪಾಲು, ಕಡಲೆಹಿಟ್ಟು ಒಂದು ಪಾಲು ಬೆರೆಸಿ, ಜೀವಸತ್ತ್ವಗಳನ್ನು ಸೇರಿಸಿ ‘ಮಲ್ಟಿಪರ್ಪಸ್ ಫುಡ್’ ಎಂಬ ಪೌಷ್ಟಿಕ ಪುಡಿಯನ್ನು ತಯಾರಿಸಿತು. ಶುಚಿಯಾಗಿ ತೆಗೆದ ಹಿಂಡಿ ಮನುಷ್ಯರಿಗೂ ಆಹಾರವಾದೀತೆಂಬುದನ್ನು ಅದು ತೋರಿಸಿಕೊಟ್ಟಿತು.

ಅಂಗಡಿಯ ದನದ ಹಿಂಡಿಯನ್ನು ತಿನ್ನಿರೆಂದು ಯಾರೂ ಹೇಳುವುದಿಲ್ಲ. ಮನೆಯಲ್ಲಿ ಮಾಡಬೇಕಾದುದು ಇಷ್ಟೆ. ಎಳ್ಳನ್ನು ನೆನೆಸಿ, ಉಜ್ಜಿ ಸಿಪ್ಪೆ ತೆಗೆದು, ಒಣಗಿಸಿ, ಹದವಾಗಿ ಹುರಿಯಬೇಕು. ಎಳ್ಳಿನಲ್ಲಿ ಸುಣ್ಣದ ಅಂಶ ಬಹಳವೆಂದು ಹೇಳುವುದುಂಟು. ಆದರೆ ಅದರ ಹೆಚ್ಚು ಪಾಲು ಸಿಪ್ಪೆಯಲ್ಲಿ ಆಕ್ಸಲೇಟಿಗೆ ಅಂಟಿಕೊಂಡು ಮೈಗೆ ಹತ್ತದೆ ಹೋಗುತ್ತದೆ. ಸಿಪ್ಪೆ ತೆಗೆದರೆ ಕಹಿಯೂ ಕಡಿಮೆ. ಇಡಿಯ ಕಾಳು ಅಗಿಯದೆ ಜಾರಿಹೋಗುವುದರಿಂದ ಕುಟ್ಟಿ ಪುಡಿಮಾಡುವುದು ಲೇಸು. ಹುರಿದ ಬೇಳೆಯ ಚಟ್ನಿಪುಡಿಗೆ ಇದನ್ನು ಸೇರಿಸಿ, ಸ್ವಲ್ಪ ಸ್ವಲ್ಪವೇ ಮಾಡಿಕೊಳ್ಳಬೇಕು, ಬಹುದಿನವಿಟ್ಟರೆ ಕಮಟುತ್ತದೆ. ದೊಡ್ಡ ಚಮಚದಷ್ಟು, ಎಂದರೆ 10 ಗ್ರಾಂ ಎಳ್ಳಿನಲ್ಲಿ ಸುಮಾರು 2 ಗ್ರಾಂ ಸಸಾರಜನಕ. ಕೊಬ್ಬು ಹೆಚ್ಚಾದುದರಿಂದ ಮಿತಿ ಇರಲಿ. ಕೆಲವರ ಮೈಗೆ ಎಳ್ಳು ಒಗ್ಗದು, ಅಂಥವರು ದೂರವಿರಬೇಕು.

ಎಳ್ಳು ತರ್ಪಣದ ವಸ್ತು, ಶನಿವಾರದ ದೀಪದ ವಸ್ತು, ನಿತ್ಯದ ಅಡುಗೆಗಲ್ಲ ಎಂದು ಅದನ್ನು ದೂರವಿಡುವ ಮನೆಗಳುಂಟು. ಹಬ್ಬದ ದಿನ ಅದೇ ಎಳ್ಳನ್ನು ಕೊಟ್ಟು ಒಳ್ಳೆಯ ಮಾತಾಡಿ ಎನ್ನುವವರೂ ನಾವೇ ಅಲ್ಲವೆ? ಸಂಕ್ರಾಂತಿ ಮುಗಿದೊಡನೆ ಅಟ್ಟಕ್ಕೇರುವ ಎಳ್ಳಿನ ಡಬ್ಬಿಯನ್ನು ಈ ವರ್ಷ ಬೇಳೆಯ ಡಬ್ಬಿಯ ಪಕ್ಕದಲ್ಲಿಯೇ ಇಟ್ಟು ನೋಡಿ. ಬೆಳೆಯುವ ಮಕ್ಕಳಿರುವ ಮನೆಗೆ ಇದರಿಂದ ಪ್ರಯೋಜನವುಂಟೆಂಬುದರಲ್ಲಿ ಎಳ್ಳಷ್ಟೂ ಸಂದೇಹವಿಲ್ಲ.